ಅಂಕ ಸಾಕಷ್ಟಿದೆ, ಆರ್‌ಡಿ ಸಂಖ್ಯೆ ಎಲ್ಲಿ?

ದ್ವಿತೀಯ ಪಿಯು ಫಲಿತಾಂಶ ಬಂದ ವಾರ ಮನೆಗಳಲ್ಲಿ ಎರಡು ಲೆಕ್ಕ ಒಟ್ಟಿಗೇ ಶುರುವಾಗುತ್ತವೆ. ಒಂದು ಅಂಕದ್ದು, ಇನ್ನೊಂದು ದುಡ್ಡಿನದು. ಅಂಕದ ಲೆಕ್ಕ ಬೇಗ ಮುಗಿಯುತ್ತದೆ. ಸಿಇಟಿ ರ‍್ಯಾಂಕ್, ಕಟ್‌ಆಫ್, ಆಪ್ಷನ್ ಎಂಟ್ರಿ ಎಂದು ಹೇಳಿಕೊಡಲು ಊರಲ್ಲಿ ಹತ್ತು ಜನ ಸಿಗುತ್ತಾರೆ. ದುಡ್ಡಿನ ಲೆಕ್ಕಕ್ಕೆ ಕೂತರೆ ಮಾತ್ರ ಮಾತು ಒಡವೆ, ಸಂಘದ ಸಾಲ, ಕೈಗಡದ ಕಡೆ ತಿರುಗುತ್ತದೆ. ವಿದ್ಯಾರ್ಥಿವೇತನ ನೆನಪಾಗುವುದು ಸೀಟು ಸಿಕ್ಕಿ, ಶುಲ್ಕ ಕಟ್ಟಿ, ತರಗತಿ ಶುರುವಾಗಿ, ಕಾಲೇಜಿನ ಸೂಚನಾ ಫಲಕದಲ್ಲಿ ‘ಕೊನೆಯ ದಿನಾಂಕ’ ಎಂಬ ಚೀಟಿ ಕಂಡ ಮೇಲೆ.

ಅಷ್ಟು ಹೊತ್ತಿಗೆ ಕೆಲವು ಅವಕಾಶಗಳು ಕೈತಪ್ಪಿರುತ್ತವೆ. ಶುಲ್ಕ ವಿನಾಯಿತಿಯ ಸೀಟನ್ನು ಪ್ರವೇಶದ ಹಂತದಲ್ಲೇ ಕೇಳಬೇಕಿತ್ತು, ಆದಾಯ ಪ್ರಮಾಣಪತ್ರ ಕಳೆದ ತಿಂಗಳೇ ಬೇಕಿತ್ತು, ಬ್ಯಾಂಕ್ ಖಾತೆಗೆ ಆಧಾರ್ ಸೇರಿಸಬೇಕಿತ್ತು. ಕಾಲೇಜು ಓದಿಗೆ ಸಿಗುವ ನೆರವು ಚದುರಿಹೋಗಿದೆ. ಒಂದು ಪಾಲು ರಾಜ್ಯ ಸರ್ಕಾರದ ಇಲಾಖೆಗಳಲ್ಲಿದೆ, ಒಂದು ಪಾಲು ಕೇಂದ್ರದಲ್ಲಿ, ಒಂದು ಪಾಲು ಕಾರ್ಮಿಕ ಮಂಡಳಿಗಳಲ್ಲಿ, ಮತ್ತೊಂದು ಪಾಲು ಖಾಸಗಿ ಪ್ರತಿಷ್ಠಾನಗಳಲ್ಲಿ. ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ ಗೊತ್ತಿದ್ದರೆ ಸಾಲದ ಮೊತ್ತ ಗಣನೀಯವಾಗಿ ತಗ್ಗುತ್ತದೆ.

ಸೀಟಿನ ಜೊತೆಗೇ ಬರುವ ರಿಯಾಯಿತಿ

ಮೊದಲು ನೋಡಬೇಕಾದದ್ದು ಕೈಗೆ ಬರುವ ಹಣವನ್ನಲ್ಲ, ಕಟ್ಟದೇ ಉಳಿಸಬಹುದಾದ ಹಣವನ್ನು. ಎಂಜಿನಿಯರಿಂಗ್ ಬಯಸುವವರಿಗೆ ಸಿಇಟಿಯಲ್ಲಿ ‘ಎಸ್‌ಎನ್‌ಕ್ಯೂ’ ಎಂಬ ಸೂಪರ್ ನ್ಯೂಮರರಿ ಕೋಟಾ ಇದೆ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ ಕೊಡುವ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಯೋಜನೆಯ ರಾಜ್ಯದ ರೂಪ ಇದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕು. ಜಾತಿ ಯಾವುದಾದರೂ ಸರಿ. ಇತರ ಶುಲ್ಕಗಳನ್ನು ಕಟ್ಟಲೇಬೇಕಾದರೂ ನಾಲ್ಕು ವರ್ಷದ ಬೋಧನಾ ಶುಲ್ಕ ಉಳಿಯುವುದು ಸಣ್ಣ ಮಾತಲ್ಲ. ಆದರೆ ಇದನ್ನು ಸಿಇಟಿ ಅರ್ಜಿಯಲ್ಲೇ, ಆದಾಯದ ದಾಖಲೆಯೊಂದಿಗೆ ಕೇಳಿಕೊಂಡಿರಬೇಕು. ಸೀಟು ಹಂಚಿಕೆ ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಐಐಟಿ, ಎನ್‌ಐಟಿಗಳ ಲೆಕ್ಕ ಬೇರೆ. ಅಲ್ಲಿನ ಶುಲ್ಕ ಕೇಳಿಯೇ ಹಿಂದೆ ಸರಿಯುವ ಕುಟುಂಬಗಳು ತಿಳಿಯಬೇಕಾದ ನಿಯಮವೊಂದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬಿ.ಟೆಕ್ ಬೋಧನಾ ಶುಲ್ಕ ಪೂರ್ತಿ ಮಾಫಿ. ಉಳಿದವರಲ್ಲಿ ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷದೊಳಗಿದ್ದರೆ ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಧಾರವಾಡದ ಐಐಟಿಗೂ ಸುರತ್ಕಲ್‌ನ ಎನ್‌ಐಟಿಕೆಗೂ ಇದೇ ಅನ್ವಯ.

ಹಾಸ್ಟೆಲ್ ಸೀಟನ್ನೂ ನೆರವಿನ ಪಟ್ಟಿಗೆ ಸೇರಿಸಿಕೊಳ್ಳಬೇಕು. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳಲ್ಲಿ ಊಟ, ವಸತಿ ಉಚಿತ. ಊರು ಬಿಟ್ಟು ಓದುವವರಿಗೆ ಕಾಲೇಜು ಶುಲ್ಕಕ್ಕಿಂತ ಬಾಡಿಗೆ ಮತ್ತು ಮೆಸ್ಸಿನ ಖರ್ಚೇ ಹೆಚ್ಚಾಗುವುದುಂಟು. ಈ ಅರ್ಜಿ ವಿದ್ಯಾರ್ಥಿವೇತನದ ಜಾಲತಾಣದಲ್ಲಿಲ್ಲ. ಅದಕ್ಕೆ ರಾಜ್ಯ ಹಾಸ್ಟೆಲ್ ಪೋರ್ಟಲ್ ಎಂಬ ಬೇರೆಯದೇ ತಾಣವಿದೆ.

ರಾಜ್ಯದ ಬಾಗಿಲು ಒಂದೇ, ಒಳಗೆ ಹಲವು ಕೊಠಡಿ

ಇಲಾಖೆಗೊಂದು ಅರ್ಜಿ, ಕಚೇರಿಗೊಂದು ಕಡತ ಎಂಬ ಕಾಲ ಮುಗಿದಿದೆ. ಈಗ ರಾಜ್ಯದ ಬಹುತೇಕ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಒಂದೇ ದಾರಿ. ವಿದ್ಯಾರ್ಥಿ ಆಧಾರ್ ಮೂಲಕ ಒಂದು ಐಡಿ ಮಾಡಿಕೊಂಡು ಒಂದೇ ಅರ್ಜಿ ತುಂಬುತ್ತಾನೆ. ಜಾತಿ, ಆದಾಯ, ಕೋರ್ಸು, ಕಾಲೇಜು ನೋಡಿ ಅರ್ಜಿ ಆಯಾ ಇಲಾಖೆಗೆ ಹೋಗುತ್ತದೆ.

ಇಲ್ಲಿ ಹಳೆಯದೂ ದೊಡ್ಡದೂ ಆದ ಯೋಜನೆ ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಇದು ಶುರುವಾದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ಇಂದು ಕೇಂದ್ರ ಶೇ 60, ರಾಜ್ಯ ಶೇ 40ರಷ್ಟು ವೆಚ್ಚ ಭರಿಸುತ್ತವೆ. ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷ ಮೀರಬಾರದು. ಕಡ್ಡಾಯ ಶುಲ್ಕಗಳ ಜೊತೆಗೆ ಕೋರ್ಸಿಗೆ ತಕ್ಕಂತೆ ವಾರ್ಷಿಕ ಭತ್ಯೆಯೂ ಉಂಟು. ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಪದವಿಯಲ್ಲಿ ಹಾಸ್ಟೆಲಿನವರಿಗೆ 13,500 ರೂಪಾಯಿ, ಮನೆಯಿಂದ ಹೋಗಿಬರುವವರಿಗೆ 7,000. ಬಿ.ಎ., ಬಿ.ಕಾಂ.ನಂಥ ಸಾಮಾನ್ಯ ಪದವಿಗೆ ಕ್ರಮವಾಗಿ 6,000 ಮತ್ತು 3,000. ಅಂಗವಿಕಲರಿಗೆ ಇದರ ಮೇಲೆ ಶೇ 10 ಹೆಚ್ಚು. ಶುಲ್ಕವನ್ನು ಮುಂಗಡವಾಗಿ ಕಟ್ಟದೆ ಪ್ರವೇಶ ಪಡೆಯಲು ‘ಫ್ರೀಶಿಪ್ ಕಾರ್ಡ್’ ಎಂಬ ವ್ಯವಸ್ಥೆಯೂ ನಿಯಮದಲ್ಲಿದೆ. ಪ್ರವೇಶದ ದಿನವೇ ಅದರ ಬಗ್ಗೆ ಕಾಲೇಜಿನಲ್ಲಿ ವಿಚಾರಿಸಬೇಕು.

ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಇದರಿಂದ ಪ್ರತ್ಯೇಕ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿ ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ದ್ವಿತೀಯ ಪಿಯು ಅಥವಾ ಡಿಪ್ಲೊಮಾಗೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ವೃತ್ತಿಪರ ಪದವಿಗೆ 35,000 ರೂಪಾಯಿ. ಇದಕ್ಕೆ ಅರ್ಜಿ ಹಾಕಬೇಕಾದದ್ದು ಪಾಸಾದ ವರ್ಷವೇ. ಕಾಲೇಜು ಬಿಟ್ಟು ಬಂದವರು ಮರೆಯುವುದು ಇದನ್ನೇ ಹೆಚ್ಚು.

ಹಿಂದುಳಿದ ವರ್ಗದವರಿಗೆ ಮೂರು ಬಗೆಯ ನೆರವು: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ. ಮೂರನೆಯದು ಹಾಸ್ಟೆಲ್ ಸಿಗದವರಿಗಾಗಿ 2013ರ ಹೊತ್ತಿಗೆ ಬಂದ ಊಟ, ವಸತಿ ಸಹಾಯ. ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ ಎಂದು ಅದು ಶುರುವಾಯಿತು. ಸರ್ಕಾರಿ ಹಾಸ್ಟೆಲಿನಲ್ಲಿ ಇರುವವರಿಗೆ ವಿದ್ಯಾಸಿರಿ ಇಲ್ಲ. ಹೀಗಾಗಿ ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಾರದವರು ಬೇಸರಿಸಿಕೊಂಡು ಕೂರದೆ ಇತ್ತ ತಿರುಗಬೇಕು.

ಮೀಸಲಾತಿಯ ಪಟ್ಟಿಯಲ್ಲಿ ಇಲ್ಲದವರಿಗೆ ಏನೂ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ‘ಸಾಂದೀಪನಿ’ ಶಿಷ್ಯವೇತನವಿದೆ, ಆರ್ಯವೈಶ್ಯ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಕಾಲೇಜು ಶಿಕ್ಷಣ ಇಲಾಖೆಯಲ್ಲಿ ಪದವಿ ಓದುವ ಹೆಣ್ಣುಮಕ್ಕಳಿಗೆ ಸಂಚಿ ಹೊನ್ನಮ್ಮನ ಹೆಸರಿನ, ವಿಜ್ಞಾನ ಓದುವವರಿಗೆ ಸರ್ ಸಿ.ವಿ. ರಾಮನ್ ಹೆಸರಿನ ವಿದ್ಯಾರ್ಥಿವೇತನಗಳಿವೆ.

ಒಂದು ಎಚ್ಚರಿಕೆ ಅಗತ್ಯ. ಸರ್ಕಾರ ಬದಲಾದಂತೆ, ಬಜೆಟ್ ಬದಲಾದಂತೆ ಯೋಜನೆಗಳ ಮೊತ್ತವೂ ಆದಾಯ ಮಿತಿಯೂ ಬದಲಾಗುತ್ತವೆ. 2021ರಲ್ಲಿ ರೈತರ ಮಕ್ಕಳಿಗಾಗಿ ಆರಂಭವಾದ ‘ಮುಖ್ಯಮಂತ್ರಿ ರೈತ ವಿದ್ಯಾನಿಧಿ’ಯಲ್ಲಿ ಪಿಯು ಹುಡುಗರಿಗೆ 2,500, ಹುಡುಗಿಯರಿಗೆ 3,000ದಿಂದ ಮೊದಲಾಗಿ ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಕ್ರಮವಾಗಿ 10,000 ಮತ್ತು 11,000 ರೂಪಾಯಿ ನಿಗದಿಯಾಗಿತ್ತು. ರೈತರ ನೋಂದಣಿ ತಂತ್ರಾಂಶವಾದ ‘ಫ್ರೂಟ್ಸ್’ನಲ್ಲಿ ಪೋಷಕರಿಗೆ ಸಿಕ್ಕ ಗುರುತಿನ ಸಂಖ್ಯೆ ಇದಕ್ಕೆ ಆಧಾರ. ಹಿಂದಿನ ವರ್ಷ ಅಣ್ಣನಿಗೆ ಬಂದದ್ದು ಈ ವರ್ಷ ತಂಗಿಗೂ ಬರುತ್ತದೆಂದು ನಂಬಿ ಶುಲ್ಕದ ಲೆಕ್ಕ ಹಾಕಬಾರದು. ಆ ವರ್ಷ ಪೋರ್ಟಲ್‌ನಲ್ಲಿ ಯಾವ ಯೋಜನೆಗೆ ಅರ್ಜಿ ತೆರೆದಿದೆಯೋ ಅದಷ್ಟೇ ಲೆಕ್ಕಕ್ಕೆ.

ದೆಹಲಿಯಿಂದ ಬರುವುದು

ಕೇಂದ್ರದ ಯೋಜನೆಗಳು ಎನ್‌ಎಸ್‌ಪಿ ಎಂಬ ರಾಷ್ಟ್ರೀಯ ಪೋರ್ಟಲ್‌ನಲ್ಲಿವೆ. ಮೊದಲು ‘ಒನ್ ಟೈಮ್ ರಿಜಿಸ್ಟ್ರೇಷನ್’ (ಒಟಿಆರ್) ಮಾಡಿಸಿ 14 ಅಂಕಿಯ ಸಂಖ್ಯೆ ಪಡೆಯಬೇಕು. ಮುಂದಿನ ವರ್ಷಗಳಿಗೂ ಅದೇ ಸಂಖ್ಯೆ.

ಸಾಮಾನ್ಯ ಕುಟುಂಬಗಳ ಮಕ್ಕಳಿಗೆ ಹೆಚ್ಚು ಹೊಂದುವುದು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೇಂದ್ರ ವಲಯ ಯೋಜನೆ. ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ ಇದು ಸಿಗುತ್ತದೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿರಬೇಕು, ಹನ್ನೆರಡನೆಯ ತರಗತಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಪರ್ಸೆಂಟೈಲ್ ಅಂದರೆ ಶೇಕಡಾ 80 ಅಂಕವಲ್ಲ. ಆ ವರ್ಷ ಅದೇ ಬೋರ್ಡಿನಲ್ಲಿ ಪಾಸಾದವರಲ್ಲಿ ಮೇಲಿನ ಐದನೇ ಒಂದು ಭಾಗದೊಳಗೆ ಬರುವುದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000. ವಿಜ್ಞಾನ, ವಾಣಿಜ್ಯ, ಕಲೆಗೆ 3:2:1ರ ಪ್ರಮಾಣದಲ್ಲಿ ಹಂಚಿಕೆ.

ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹುಡುಗಿಯರು ಎಐಸಿಟಿಇಯ ‘ಪ್ರಗತಿ’ಯನ್ನು ಬಿಡಬಾರದು. ಡಿಪ್ಲೊಮಾ ಅಥವಾ ಪದವಿಯ ಮೊದಲ ವರ್ಷಕ್ಕೆ ಸೇರಿದವರಿಗೆ, ಲ್ಯಾಟರಲ್ ಎಂಟ್ರಿಯಾದರೆ ಎರಡನೇ ವರ್ಷಕ್ಕೆ ಸೇರಿದವರಿಗೆ, ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ. ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರುವವರಿಗೆ ‘ಸಕ್ಷಮ್’, ತಂದೆತಾಯಿ ಇಲ್ಲದವರಿಗೆ ‘ಸ್ವನಾಥ್’ ಯೋಜನೆಯಲ್ಲಿ ಇಷ್ಟೇ ಮೊತ್ತ.

ಐಐಟಿ, ಐಐಎಂ, ಎನ್‌ಐಟಿಯಂಥ ಆಯ್ದ ಸಂಸ್ಥೆಗಳಿಗೆ ಸೇರಿದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ‘ಟಾಪ್ ಕ್ಲಾಸ್’ ಯೋಜನೆಯಿದೆ. ಬೋಧನಾ ಶುಲ್ಕದ ಜೊತೆಗೆ ಮೊದಲ ವರ್ಷ 86,000, ನಂತರ ವರ್ಷಕ್ಕೆ 41,000 ರೂಪಾಯಿ ಭತ್ಯೆ. ಆದಾಯ ಮಿತಿ 8 ಲಕ್ಷ.

ಅಪ್ಪ–ಅಮ್ಮನ ದುಡಿಮೆಯೂ ಅರ್ಹತೆ

ಜಾತಿ, ಅಂಕ, ಆದಾಯ ಬಿಟ್ಟು ಇನ್ನೊಂದು ಅರ್ಹತೆ ಇದೆ: ಪೋಷಕರ ಕೆಲಸ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಬೇಕಾದಷ್ಟು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯ ತರಗತಿಗೆ ತಕ್ಕಂತೆ ವರ್ಷಕ್ಕೆ 1,000ದಿಂದ 25,000 ರೂಪಾಯಿವರೆಗೆ ಕೊಡುತ್ತದೆ. ಅರ್ಜಿ ಎನ್‌ಎಸ್‌ಪಿಯಲ್ಲೇ.

ಗಾರೆ, ಬಡಗಿ, ಪೇಂಟಿಂಗ್, ಸೆಂಟ್ರಿಂಗ್ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಇಬ್ಬರು ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಕೇಳಬಹುದು. ಲೇಬರ್ ಕಾರ್ಡ್ ಚಾಲ್ತಿಯಲ್ಲಿರಬೇಕು. ನವೀಕರಣ ತಪ್ಪಿದ ಕಾರ್ಡು ಕೈಯಲ್ಲಿದ್ದೂ ಇಲ್ಲದಂತೆ. ಪೀಣ್ಯದ ಕಾರ್ಖಾನೆಯಲ್ಲೋ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲೋ ದುಡಿಯುವವರಿಗೆ ಮಂಡಳಿ ಬೇರೆ. ಅವರ ಸಂಬಳದಿಂದ ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಾರ್ಮಿಕ ಕಲ್ಯಾಣ ನಿಧಿಗೆ ಕಡಿತವಾಗುತ್ತದೆ. ಪೇಸ್ಲಿಪ್ಪಿನಲ್ಲಿ ಆ ಸಾಲನ್ನು ನೋಡಿದವರೇ ಕಡಿಮೆ, ಅದರ ಹೆಸರಲ್ಲಿ ಮಕ್ಕಳಿಗೆ ಪ್ರೋತ್ಸಾಹಧನ ಉಂಟೆಂದು ಬಲ್ಲವರು ಇನ್ನೂ ಕಡಿಮೆ.

ಖಾಸಗಿ ಪ್ರತಿಷ್ಠಾನಗಳು

ಸದ್ಯ ಹೆಣ್ಣುಮಕ್ಕಳಿಗೆ ಸಿಗುವ ದೊಡ್ಡ ಖಾಸಗಿ ನೆರವು ಅಜೀಂ ಪ್ರೇಮ್‌ಜಿ ಫೌಂಡೇಷನ್‌ನದು. ಕರ್ನಾಟಕದಲ್ಲಿ ಅದು ‘ದೀಪಿಕಾ’ ಎಂಬ ಹೆಸರಿನಲ್ಲಿ ಬಂದಿದೆ. ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಗೆ ವರ್ಷಕ್ಕೆ 30,000 ರೂಪಾಯಿ, ಕೋರ್ಸು ಮುಗಿಯುವವರೆಗೆ.

ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಓದುವ ಹುಡುಗಿಯರಿಗೆ ಇನ್ಫೊಸಿಸ್ ಫೌಂಡೇಷನ್ 2023ರಲ್ಲಿ ‘ಸ್ಟೆಮ್ ಸ್ಟಾರ್ಸ್’ ಆರಂಭಿಸಿತು. ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ. ರಿಲಯನ್ಸ್ ಫೌಂಡೇಷನ್ ಮೊದಲ ವರ್ಷದ 5,000 ಪದವಿ ವಿದ್ಯಾರ್ಥಿಗಳನ್ನು ಅರ್ಹತಾ ಪರೀಕ್ಷೆಯ ಮೂಲಕ ಆರಿಸಿ, ಪದವಿಯ ಅವಧಿಗೆ ಒಟ್ಟು 2 ಲಕ್ಷದವರೆಗೆ ಕೊಡುತ್ತದೆ. ಇಲ್ಲಿ ಹುಡುಗರಿಗೂ ಅವಕಾಶವಿದೆ, ಆದಾಯ ಮಿತಿ 15 ಲಕ್ಷ. ಹತ್ತನೆಯ ತರಗತಿ ಈಗಷ್ಟೇ ಮುಗಿಸಿದವರು ಬೆಂಗಳೂರಿನ ಸರೋಜಿನಿ ದಾಮೋದರನ್ ಫೌಂಡೇಷನ್‌ನ ‘ವಿದ್ಯಾಧನ್’ ನೋಡಬೇಕು. 1999ರಿಂದ ನಡೆಯುತ್ತಿರುವ ಇದು ಪಿಯು ಹಂತದಲ್ಲೇ ಮಕ್ಕಳನ್ನು ಆರಿಸಿ, ಚೆನ್ನಾಗಿ ಓದಿದವರನ್ನು ಪದವಿಯವರೆಗೂ ಬೆಂಬಲಿಸುತ್ತದೆ.

ಇವುಗಳನ್ನು ಜೋಡಿಸಿದರೆ ಏನಾಗುತ್ತದೆ? ಸರ್ಕಾರಿ ಪಿಯು ಕಾಲೇಜಿನಲ್ಲಿ ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆ ಪಡೆದು, ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರಿ, ಮನೆಯಿಂದಲೇ ಓಡಾಡುವ ಪರಿಶಿಷ್ಟ ಜಾತಿಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಮನೆಯ ಆದಾಯ ಎರಡು ಲಕ್ಷ. ಪಿಯು ಪ್ರೋತ್ಸಾಹಧನ 20,000, ಮೆಟ್ರಿಕ್ ನಂತರದ ಭತ್ಯೆ 7,000, ದೀಪಿಕಾ 30,000. ಮೊದಲ ವರ್ಷವೇ 57,000 ರೂಪಾಯಿ, ಶುಲ್ಕದ ನೆರವು ಇದರ ಮೇಲೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಆಕೆ ಪ್ರಗತಿಗೂ ಅರ್ಹಳೇ. ಆದರೆ ಒಂದು ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಅದೇ ಓದಿಗೆ ಮತ್ತೊಂದು ಸರ್ಕಾರಿ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಸಿಗದು. ಹಾಗಾಗಿ 50,000ದ ಪ್ರಗತಿಯೋ, ಶುಲ್ಕ ಸೇರಿದ ಮೆಟ್ರಿಕ್ ನಂತರದ ನೆರವೋ ಎಂದು ತೂಗಿ ನೋಡಿ ಒಂದನ್ನು ಆರಿಸಿಕೊಳ್ಳಬೇಕು.

ಅರ್ಜಿ ಎಲ್ಲಿ ಮುಗ್ಗರಿಸುತ್ತದೆ

ಇಷ್ಟೆಲ್ಲ ಇದ್ದೂ ಹಣ ಬರದಿರಲು ಕಾರಣ ಹುಡುಕಿದರೆ ಸಿಗುವುದು ನಾಲ್ಕೈದು ಸಣ್ಣ ಎಡವಟ್ಟುಗಳು.

ಮೊದಲನೆಯದು ಆರ್‌ಡಿ ಸಂಖ್ಯೆ. ನಾಡಕಚೇರಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಈ ಸಂಖ್ಯೆಯನ್ನು ನಮೂದಿಸಿದರೆ ಎಸ್‌ಎಸ್‌ಪಿ ತಾನೇ ಕಂದಾಯ ಇಲಾಖೆಯ ದಾಖಲೆಯನ್ನು ತೆರೆದು ನೋಡುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಗೆ ಸೇರುವ ಹೊತ್ತಿಗೆ ಮುಗಿಯುವ ಅಂಚಿನಲ್ಲಿರುತ್ತದೆ. ಜೂನ್, ಜುಲೈನಲ್ಲಿ ನಾಡಕಚೇರಿ ಮುಂದೆ ಸಾಲು ಉದ್ದವಾಗುವ ಮೊದಲೇ, ಏಪ್ರಿಲ್‌ನಲ್ಲೇ ದಿನಾಂಕ ನೋಡಿ ಹೊಸದಕ್ಕೆ ಅರ್ಜಿ ಹಾಕುವುದು ಜಾಣತನ. ಹಳ್ಳಿಯ ಗ್ರಾಮ ಒನ್ ಕೇಂದ್ರದಲ್ಲೂ ಇದು ಆಗುತ್ತದೆ.

ಎರಡನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುಳಾ ಎಚ್.ಕೆ.’, ಆಧಾರ್‌ನಲ್ಲಿ ಬರೀ ‘ಮಂಜುಳ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರು ಮುಂದೆ. ಮನುಷ್ಯರ ಕಣ್ಣಿಗೆ ಮೂರೂ ಒಬ್ಬಳೇ, ಕಂಪ್ಯೂಟರಿಗೆ ಅಲ್ಲ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಸಾಹಸ, ಆದ್ದರಿಂದ ಅದರಲ್ಲಿರುವಂತೆಯೇ ಆಧಾರ್ ಮತ್ತು ಬ್ಯಾಂಕಿನ ಹೆಸರನ್ನು ಸರಿಪಡಿಸಿಕೊಳ್ಳುವುದು ಸುಲಭದ ದಾರಿ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಆ ಸಿಮ್ ಈಗ ಯಾರ ಬಳಿ ಇದೆ ಎಂದೂ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ಬ್ಯಾಂಕ್ ಖಾತೆ, ಹೆಚ್ಚು ಗೊಂದಲವಿರುವುದು ಇಲ್ಲೇ. ‘ಆಧಾರ್ ಕೊಟ್ಟಿದ್ದೇವೆ’ ಎಂದು ಬಹಳ ಜನ ಹೇಳುತ್ತಾರೆ. ಕೆವೈಸಿಗೆಂದು ಆಧಾರ್ ಪ್ರತಿ ಕೊಡುವುದು ಬೇರೆ, ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ನಕ್ಷೆಯಲ್ಲಿ ಆ ಖಾತೆಯನ್ನು ಆಧಾರ್‌ಗೆ ಜೋಡಿಸುವುದು ಬೇರೆ. ಸರ್ಕಾರದ ನೇರ ನಗದು ವರ್ಗಾವಣೆ ಹೋಗುವುದು ಎರಡನೆಯದರ ಪ್ರಕಾರ. ಒಬ್ಬರಿಗೆ ನಾಲ್ಕು ಖಾತೆ ಇದ್ದರೂ ಎನ್‌ಪಿಸಿಐ ಗುರುತಿಸುವುದು ಕೊನೆಯದಾಗಿ ಜೋಡಿಸಿದ ಒಂದನ್ನೇ. ‘ಹಣ ಜಮೆಯಾಗಿದೆ’ ಎಂದು ಪೋರ್ಟಲ್ ತೋರಿಸಿ, ಪಾಸ್‌ಬುಕ್ಕಿನಲ್ಲಿ ಮಾತ್ರ ಕಾಣದಿದ್ದರೆ, ಅದು ಶಾಲೆಯಲ್ಲಿ ತೆರೆದ ಹಳೆಯ ಖಾತೆಗೆ ಹೋಗಿರುವ ಸಾಧ್ಯತೆ ಹೆಚ್ಚು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಯುಐಡಿಎಐ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ನೋಡಬಹುದು. ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಬ್ಯಾಂಕ್ ದೂರವಿರುವ ಊರುಗಳಲ್ಲಿ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿಕೊಳ್ಳುವ ಅನುಕೂಲವೂ ಇದೆ. ವಿದ್ಯಾರ್ಥಿವೇತನಕ್ಕಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಯನ್ನು ಎರಡು ವರ್ಷ ವಹಿವಾಟು ಇಲ್ಲದಿದ್ದರೂ ನಿಷ್ಕ್ರಿಯ ಎಂದು ಪರಿಗಣಿಸಬಾರದೆಂಬ ರಿಸರ್ವ್ ಬ್ಯಾಂಕ್ ನಿರ್ದೇಶನ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬ್ಯಾಂಕಿನವರು ತಕರಾರು ತೆಗೆದರೆ ಇದನ್ನು ನೆನಪಿಸಬಹುದು.

ನಾಲ್ಕನೆಯದು ಕಾಲೇಜು. ಎನ್‌ಎಸ್‌ಪಿಯಲ್ಲಿ ಕಾಲೇಜಿನ ಹೆಸರು ಕಾಣಬೇಕಾದರೆ ಅದಕ್ಕೆ ಎಐಎಸ್‌ಎಚ್‌ಇ ಕೋಡ್ ಇರಬೇಕು. ಎಐಸಿಟಿಇ ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಪ್ರಗತಿ ಇಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಶುಲ್ಕ ಮರುಪಾವತಿ ಸಿಗದ ಯೋಜನೆಗಳೇ ಹೆಚ್ಚು. ಅರ್ಜಿ ಹಾಕಿದ ಮೇಲೂ ಕಾಲೇಜಿನ ಹಂತದಲ್ಲಿ ದಾಖಲೆಗಳ ಇ–ದೃಢೀಕರಣ, ಪರಿಶೀಲನೆ ಆಗಬೇಕು. ‘ಸಬ್‌ಮಿಟ್’ ಒತ್ತಿದ ಕೂಡಲೇ ಕೆಲಸ ಮುಗಿಯುವುದಿಲ್ಲ, ಕಾಲೇಜಿನ ನೋಡಲ್ ಅಧಿಕಾರಿಯ ಮೇಜು ದಾಟುವವರೆಗೂ ಬೆನ್ನು ಬಿಡಬಾರದು.

ಸರ್ಕಾರಿ ವಿದ್ಯಾರ್ಥಿವೇತನದ ಅರ್ಜಿಗೆ ಶುಲ್ಕವಿಲ್ಲ. ‘ಮಂಜೂರು ಮಾಡಿಸಿಕೊಡುತ್ತೇವೆ, ಸಂಸ್ಕರಣಾ ಶುಲ್ಕ ಕಳಿಸಿ’ ಎನ್ನುವ ವಾಟ್ಸ್‌ಆ್ಯಪ್ ಸಂದೇಶ, ಒಟಿಪಿ ಕೇಳುವ ಕರೆ ಎರಡೂ ವಂಚನೆಯೇ.

ಸಾಲದ ಸರದಿ ಕೊನೆಗೆ

ಇವೆಲ್ಲ ಕಳೆದು ಉಳಿದ ಮೊತ್ತಕ್ಕೆ ಮಾತ್ರ ಸಾಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸ್ ಸೇರಿದವರಿಗೆ ಶೇ 2ರ ಸೇವಾ ಶುಲ್ಕದಲ್ಲಿ ಸಾಲ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ಯಲ್ಲಿ ಗುರುತಿಸಿದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನುದಾರ ಎರಡೂ ಬೇಡ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದು ಮುಗಿದು ಕಂತು ಶುರುವಾಗುವವರೆಗಿನ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಆದಾಯ ನಾಲ್ಕೂವರೆ ಲಕ್ಷದೊಳಗಿರುವ, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಿನವರಿಗೆ ಆ ಅವಧಿಯ ಪೂರ್ತಿ ಬಡ್ಡಿಯನ್ನು ಸರ್ಕಾರವೇ ಭರಿಸುವ ಹಳೆಯ ಯೋಜನೆಯೂ ಮುಂದುವರಿದಿದೆ.

ವಿದೇಶಕ್ಕೆ ಹೋಗುವವರಿಗೆ 1892ರಲ್ಲಿ ಸ್ಥಾಪನೆಯಾದ ಜೆ.ಎನ್. ಟಾಟಾ ದತ್ತಿಯ ಸಾಲ–ವಿದ್ಯಾರ್ಥಿವೇತನ ಇಂದಿಗೂ ಇದೆ. ತುಮಕೂರು ಮೂಲದ ಭೌತವಿಜ್ಞಾನಿ ರಾಜಾ ರಾಮಣ್ಣ ಲಂಡನ್‌ನ ಕಿಂಗ್ಸ್ ಕಾಲೇಜಿಗೆ ಪಿಎಚ್.ಡಿ.ಗೆ ಹೋದದ್ದು ಟಾಟಾ ವಿದ್ಯಾರ್ಥಿವೇತನದ ಮೇಲೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆಯೂ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ವಿದ್ಯಾರ್ಥಿವೇತನವೂ ಇವೆ.

ಎರಡನೇ ವರ್ಷಕ್ಕೆ

ಹಣ ಮೊದಲ ವರ್ಷ ಬಂದಿತೆಂದು ಮುಂದಿನ ವರ್ಷವೂ ತಾನಾಗಿ ಬರುವುದಿಲ್ಲ. ಎಸ್‌ಎಸ್‌ಪಿಯಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು, ಎನ್‌ಎಸ್‌ಪಿಯಲ್ಲಿ ನವೀಕರಣ ಮಾಡಬೇಕು. ಕೇಂದ್ರ ವಲಯ ಯೋಜನೆ ಮುಂದುವರಿಯಲು ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಆದ್ದರಿಂದ ಮೊದಲ ಸೆಮಿಸ್ಟರಿನ ಹಾಜರಾತಿಗೂ ಬೆಲೆಯಿದೆ. ಅರ್ಜಿಯ ಮುದ್ರಿತ ಪ್ರತಿ, ಎಸ್‌ಎಸ್‌ಪಿ ಐಡಿ, ಒಟಿಆರ್ ಸಂಖ್ಯೆ, ಶುಲ್ಕದ ರಸೀದಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದರೆ ಆಗ ಹುಡುಕಾಟ ತಪ್ಪುತ್ತದೆ. ಹಣ ತಡವಾದರೆ ಪೋರ್ಟಲ್‌ನಲ್ಲಿ ಅರ್ಜಿ ಯಾವ ಹಂತದಲ್ಲಿದೆ ಎಂದು ನೋಡಿ, ಕಾಲೇಜಿನಲ್ಲಿ ನಿಂತಿದ್ದರೆ ನೋಡಲ್ ಅಧಿಕಾರಿಯನ್ನು, ಇಲಾಖೆಯಲ್ಲಿ ನಿಂತಿದ್ದರೆ ತಾಲ್ಲೂಕು ಕಚೇರಿಯನ್ನು ಲಿಖಿತವಾಗಿ ಕೇಳಬೇಕು. ಕೇಂದ್ರದ ಹಣವಾದರೆ ಪಿಎಫ್‌ಎಂಎಸ್ ತಾಣದ ‘ನೋ ಯುವರ್ ಪೇಮೆಂಟ್’ ವಿಭಾಗದಲ್ಲಿ ಖಾತೆ ಸಂಖ್ಯೆ ಹಾಕಿದರೆ ಪಾವತಿ ಹೊರಟಿದೆಯೋ, ತಿರಸ್ಕೃತವಾಗಿದೆಯೋ ಎಂಬುದು ಗೊತ್ತಾಗುತ್ತದೆ.